ಬಾಯಿ ನೋಡುವ ಚಾಚಿ

ಪಕ್ಕದ ಮನೆಯ ಚಾಚಿ ಯಾರೊಡನೆ ಮಾತಾಡಿದರೂ ಅವರ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದಳು. ಕಿವಿ ಮಂದ. ಎಲೆಯಡಿಕೆಯಿಂದ ಕೆಂಪಾದ ಅವಳ ತುಟಿಗಳೂ ನಮ್ಮ ಮಾತಿನ ಜೊತೆ ಮೆಲ್ಲಗೆ ಆಡುತ್ತಿದ್ದವು. ಚೇಷ್ಟೆಗೆ ನಾವು ಸದ್ದಿಲ್ಲದೆ ತುಟಿಯಾಡಿಸಿದರೆ, "ಮಂಗ್ಯಾನ ಮಕ್ಕಳ್ರಾ, ಬೈಯಾಕತ್ತೀರಿ, ಗೊತ್ತೈತಿ" ಎಂದು ಕಸಬರಿಗೆ ಎಸೆಯುವಳು.

ಎಪ್ಪತ್ತರ ದಶಕ, ವಿಜಾಪುರದ ಇಬ್ರಾಹಿಂಪುರ. ನನ್ನ ತಂಗಿಗೆ ಐದು ತುಂಬಿದರೂ ಮಾತು ಬಂದಿರಲಿಲ್ಲ. ಹೇಳಿದ್ದೆಲ್ಲ ತಿಳಿಯುತ್ತಿತ್ತು. ಅಜ್ಜಿ ದಿನಾ ಮುಂಜಾನೆ ಬಜೆ ತೇಯ್ದು ಅವಳ ನಾಲಿಗೆಗೆ ತಿಕ್ಕುತ್ತಿದ್ದಳು. ಉರಿ ತಾಳದೆ ಕೂಸು ಒದ್ದಾಡಿದರೆ, "ನಾಲಿಗಿ ದಪ್ಪ ಐತಿ, ತೆಳ್ಳಗಾಗಲಿ" ಎನ್ನುವಳು.

ಒಂದು ದಿನ ಚಾಚಿ ಅಜ್ಜಿಯ ಕೈ ಹಿಡಿದು ನಿಲ್ಲಿಸಿದಳು. ತಂಗಿಗೆ "ನಾಲಿಗಿ ಹೊರಗ ಹಾಕವ್ವಾ" ಎಂದಳು. ತಂಗಿಯ ತುಟಿ ತಡಕಾಡಿತು, ದವಡೆ ಅತ್ತಿತ್ತ ಹೊರಳಿತು, ನಾಲಿಗೆ ಬರಲಿಲ್ಲ. ಚಾಚಿ ಅವಳ ತುಟಿಯ ಕೆಳಗೆ ಚೂರು ಬೆಲ್ಲ ಹಚ್ಚಿದಳು. ನಾಲಿಗೆ ಸರಕ್ಕನೆ ಬಂದು ನೆಕ್ಕಿತು.

"ನೋಡ್ರಿ ಆಯಿ, ನಾಲಿಗಿ ಚೊಲೋ ಐತಿ. ಹೇಳಿದಾಗ ಅದಕ್ಕ ದಾರಿ ಸಿಗವಲ್ದು. ನೀರು ಬೇಕಾದ್ರ ಒಮ್ಮೆ 'ದೀ' ಅಂತಾಳ, ಒಮ್ಮೆ 'ಊಮ' ಅಂತಾಳ. ದವಾಖಾನಿಗೆ ತೋರಸ್ರಿ."

ಅಪ್ಪ ತೋರಿಸಿದ. ಡಾಕ್ಟರು ಬಾಯೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿ, "ಏನೂ ಆಗಿಲ್ಲ, ತಾನ ಬರತೈತಿ" ಎಂದರು. ಆ ಮಾತಿಗೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ತಂಗಿಯ ತೊಂದರೆಗೊಂದು ಹೆಸರಿದೆ, ಮಾತು ಕಲಿಸುವ ಬಗೆಯಿದೆ ಎಂದು ಹೇಳುವವರು ನಮಗೆ ಯಾರೂ ಸಿಗಲಿಲ್ಲ. ಶಾಲೆಯವರು ಮೂಗಿ ಎಂದು ಬಾಗಿಲಿಂದಲೇ ಕಳಿಸಿದರು.

ಚಾಚಿಗೂ ಕಲಿಸಲು ಬರುತ್ತಿರಲಿಲ್ಲ. ಮಧ್ಯಾಹ್ನ ತಂಗಿಯನ್ನು ಎದುರಿಗೆ ಕೂಡಿಸಿಕೊಳ್ಳುವಳು ಅಷ್ಟೇ. ತಂಗಿ ಏನೇನೋ ಸದ್ದು ಮಾಡುವಳು, ಚಾಚಿ ಉತ್ತರ ಕೊಡುವಳು, ಇಬ್ಬರೂ ಬಿದ್ದು ಬಿದ್ದು ನಗುವರು. "ಅಕಿ ಭಾಳ ಮಾತಾಡ್ತಾಳ, ನಿಮಗ ಕಿವಿ ಇಲ್ಲ" ಎಂದು ಆ ಕಿವುಡಿ ನಮ್ಮನ್ನೇ ಹಂಗಿಸುವಳು.

ಕೆಲವು ವರ್ಷಗಳಾದ ಮೇಲೆ ಚಾಚಿ ಜ್ವರದಲ್ಲಿ ತೀರಿಕೊಂಡಳು. ಹೆಂಗಸರು ಕೊನೆಯ ಸಲ ಮುಖ ನೋಡುತ್ತಿದ್ದಾಗ ತಂಗಿ ನುಗ್ಗಿ ಹೋಗಿ ಪಕ್ಕದಲ್ಲಿ ಕೂತಳು. ಗಂಟಲು ಹರಿಯುವಂತೆ ಏನೋ ಹೇಳತೊಡಗಿದಳು. ಒಂದೇ ಮಾತನ್ನು ಬೇರೆ ಬೇರೆ ಸದ್ದಿನಲ್ಲಿ ಹೇಳುತ್ತಿದ್ದಳೋ, ಬೇರೆ ಬೇರೆ ಮಾತೋ, ನಮಗೆ ತಿಳಿಯಲಿಲ್ಲ. "ಯಾರರ ಈ ಮೂಗೀನ್ನ ಹೊರಗ ಕರಕೊಂಡು ಹೋಗ್ರಿ" ಎಂದರು ಯಾರೋ.

ಅಂದಿನಿಂದ ತಂಗಿ ಸದ್ದು ಮಾಡುವುದನ್ನೇ ಬಿಟ್ಟಳು. ಅವ್ವ ಕಾಡಿದಳು, ಬೇಡಿದಳು, ನಾನೂ ಬೇಡಿದೆ. ಈಗ ಅವಳ ತಲೆ ನರೆತಿದೆ. ಏನು ಬೇಕಾದರೂ ಬೆರಳು ತೋರಿಸುತ್ತಾಳೆ.