ಮಗ್ಗದ ಸದ್ದಿನಲ್ಲಿ ಕಲಿತ ಫ್ರೆಂಚ್

ಈ ಭಾನುವಾರ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಏಳುವಷ್ಟರಲ್ಲಿ ಕರೆಂಟು ಹೋಯಿತು. ಪಕ್ಕದ ಮನೆಯ ಮಗ್ಗ ತಟ್ಟನೆ ನಿಂತಿತು. ದೊಡ್ಡಬಳ್ಳಾಪುರದಲ್ಲಿ ಬಾಳಿದವರಿಗೆ ಗೊತ್ತು, ಮಗ್ಗ ನಿಂತಾಗಲೇ ನಮಗೂ ಕಿವಿಯಿದೆ ಎಂದು ನೆನಪಾಗುವುದು. ನಮ್ಮ ಮನೆಯ ಮಗ್ಗಗಳನ್ನು ಮಾರಿ ಕೆಲವು ವರ್ಷಗಳಾದವು. ಆದರೂ ಆ ಮೌನ ಬಂದರೆ ಸಾಕು, ನನಗೆ ಮಗಳು ವೀಣಾಳ ಫ್ರೆಂಚ್ ನೆನಪಾಗುತ್ತದೆ.

ನಗಬೇಡಿ. ವೀಣಾ ಪಿಯುಸಿಯಲ್ಲಿ ಫ್ರೆಂಚ್ ತೆಗೆದುಕೊಂಡಿದ್ದಳು. ಆ ದೇಶದ ಮೇಲಿನ ಪ್ರೀತಿಯಿಂದೇನಲ್ಲ. ಅದರಲ್ಲಿ ಅಂಕ ಧಾರಾಳ ಎಂದು ಯಾರೋ ಹೇಳಿದ್ದರು, ಅಷ್ಟೇ. ಬರೆಯುವುದನ್ನೇನೋ ಬರೆದಾಳು, ಮಾತಿನ ಪರೀಕ್ಷೆ ಎಂದರೆ ನಡುಕ. ಬಿಡುವಿನಲ್ಲಿ ಏನು ಮಾಡುತ್ತೀಯ, ಟಿವಿಯಲ್ಲಿ ಏನು ನೋಡುತ್ತೀಯ, ಪೇಪರು ಓದುತ್ತೀಯಾ ಎಂದೆಲ್ಲ ಮೇಡಂ ಎದುರು ಕೂತು ಕೇಳುತ್ತಾರಂತೆ. "ನೀನು ಪ್ರಶ್ನೆ ಕೇಳಮ್ಮ, ನಾನು ಉತ್ತರ ಹೇಳ್ತೀನಿ" ಎಂದಳು. ಅರ್ಥ ತಿಳಿಯದೆ ದಿನವೂ ಸಂಸ್ಕೃತದ ಸ್ತೋತ್ರ ಹೇಳುವ ನನಗೆ ಇದೇನು ಮಹಾ? ಪ್ರಶ್ನೆಗಳನ್ನೆಲ್ಲ ಬಾಯಿಪಾಠ ಮಾಡಿಬಿಟ್ಟೆ.

ಸಂಜೆ ಸೊಪ್ಪು ಬಿಡಿಸುತ್ತಾ ನಾನು "ಕೆಸ್ಕ ತು ಫೆ ಲ ದಿಮಾಂಶ್?" ಎಂದು ಕೂಗುವುದು, ಭಾನುವಾರ ಏನು ಮಾಡುತ್ತೀಯ ಎಂಬ ಪ್ರಶ್ನೆಯಂತೆ ಅದು, ಅವಳು ಮಗ್ಗದ ಸದ್ದನ್ನು ಮೀರಿಸಿ ಉತ್ತರ ಕೂಗುವುದು. ಒಳಗಿನಿಂದ ನಮ್ಮ ಯಜಮಾನರು, "ಅದ್ಯಾವ ಜಗಳಾನೇ ತಾಯಿ ಮಗಳದ್ದು? ಬೈಯೋದಾದ್ರೆ ಕನ್ನಡದಲ್ಲಿ ಬೈಕೊಳ್ಳಿ, ನಮಗೂ ಗೊತ್ತಾಗ್ಲಿ!" ಎನ್ನುವರು. ಉತ್ತರ ಸರಿಯೋ ತಪ್ಪೋ ನನಗೇನು ಗೊತ್ತು? ಅವಳು ತಡವರಿಸದಿದ್ದರೆ ತಲೆಯಾಡಿಸುತ್ತಿದ್ದೆ. ಸ್ತೋತ್ರದ ಹಾಗೆಯೇ, ಅರ್ಥ ಕೇಳಬೇಕೆಂದು ತೋಚಲೇ ಇಲ್ಲ.

ಒಂದು ಸಂಜೆ ಕರೆಂಟು ಹೋಯಿತು. ಮಗ್ಗ ನಿಂತರೂ ಅವಳ ದನಿ ನಿಲ್ಲಲಿಲ್ಲ. "ಆವೆಕ್ ಮಾ ಮೇರ್" ಎಂದದ್ದು ಬೀದಿಗೆಲ್ಲ ಕೇಳಿಸಿತು. ಇಬ್ಬರೂ ನಕ್ಕೆವು.

"ಏನೇ ಹಾಗಂದ್ರೆ?" ಎಂದೆ.

"ಅಮ್ಮನ ಜೊತೆ ಅಂತ. ಭಾನುವಾರ ಅಮ್ಮನ ಜೊತೆ ಸಿನಿಮಾ ನೋಡ್ತೀನಿ ಅಂದೆ."

"ಯಾವಾಗ್ಲೇ ನೋಡಿದ್ವಿ?"

"ಎಲ್ ನೋಡಿದ್ವಿ? ನಿಂಗೆ ಭಾನುವಾರ ಅಂದ್ರೆ ತಲೆಸ್ನಾನ, ಪೂಜೆ, ಆಮೇಲೆ ನೂಲು ಸುತ್ತೋದು. ಅದನ್ನ ಹೇಳೋಷ್ಟು ಫ್ರೆಂಚ್ ನಂಗೆ ಬರಲ್ಲ."

"ಪರೀಕ್ಷೆ ಮುಗೀಲಿ, ಹೋಗೋಣ ಕಣೆ" ಎಂದೆ. ಅಷ್ಟರಲ್ಲಿ ಕರೆಂಟು ಬಂತು. ಅವಳು ಏನೋ ಅಂದಳು, ಕೇಳಿಸಲಿಲ್ಲ.

ಪರೀಕ್ಷೆಯಲ್ಲಿ ಮೇಡಂ, "ಮೆಲ್ಲಗೆ ಹೇಳಮ್ಮ, ಇಲ್ಲೇ ಇದ್ದೀನಲ್ಲ" ಎಂದರಂತೆ. ಮೆಲ್ಲಗೆ ಹೇಳಹೋದರೆ ಇವಳಿಗೆ ಒಂದು ಮಾತೂ ಬರಲೊಲ್ಲದು. ಕೂಗಿ ಕಲಿತದ್ದು ಕೂಗಿದರೇ ಬರುವುದು. ದೇವರು ದೊಡ್ಡವನು, ಮೇಡಂ ನಕ್ಕು "ಹೋಗ್ಲಿ, ಕೂಗೇ ಹೇಳು" ಎಂದರು. ಪಾಸಾದಳು.

ಸಿನಿಮಾ ಮಾತ್ರ ಆಗಲಿಲ್ಲ. ಒಂದು ಭಾನುವಾರ ಹುಣ್ಣಿಮೆ ಬಂತು, ಇನ್ನೊಂದಕ್ಕೆ ನೆಂಟರು, ಮತ್ತೊಂದಕ್ಕೆ ಮದುವೆ ಸೀರೆಗಳ ಅವಸರ. ವೀಣಾ ಕೇಳಿ ಕೇಳಿ ಸುಮ್ಮನಾದಳು. ಈಗ ಅವಳಿಗೆ ಸೋಂಪುರದ ಫ್ಯಾಕ್ಟರಿಯೊಂದರಲ್ಲಿ ಕೆಲಸ, ಅಲ್ಲೇ ಸಂಸಾರ. ನನಗೋ ಬೇಕಾದಷ್ಟು ಬಿಡುವು. ನೆಲದಲ್ಲಿ ಕೂತೆದ್ದು ಪೂಜೆ ಮಾಡಲು ಮಂಡಿ ಗಟ್ಟಿಯಿದೆ, ಗೋಡೆಯಗಲದ ಟಿವಿಯಿದೆ, ಅದನ್ನು ಹಾಕಿದ ಕೂಡಲೇ ಗೊರಕೆ ಹೊಡೆಯುವ ಯಜಮಾನರಿದ್ದಾರೆ, ಭಾನುವಾರ ಮಗಳ ಫೋನು ಬರುತ್ತದೆ. ಕೊಟ್ಟಿದ್ದಕ್ಕೆಲ್ಲ ಕೈ ಮುಗಿಯುತ್ತೇನೆ. ಆದರೆ ಟಿವಿಯಲ್ಲಿ ಸಿನಿಮಾ ಬಂದಾಗ ಅನ್ನಿಸುತ್ತದೆ: ಅವಳ ಜೊತೆಗಿನ ಒಂದು ಮಧ್ಯಾಹ್ನವನ್ನೂ ದೇವರು ಕೊಟ್ಟೇ ಇದ್ದ, ನಾನೇ ಕೈ ಚಾಚಲಿಲ್ಲ.

ಇವತ್ತು ಅವಳ ಫೋನು ಬಂದಾಗ ಇನ್ನೂ ಕರೆಂಟು ಬಂದಿರಲಿಲ್ಲ. ತಿಂಡಿ ಆಯಿತೇ ಎನ್ನುವ ಬದಲು "ಕೆಸ್ಕ ತು ಫೆ ಲ ದಿಮಾಂಶ್?" ಎಂದುಬಿಟ್ಟೆ.

ಅತ್ತಲಿಂದ ಜೋರು ನಗು. "ಅಯ್ಯೋ ಅಮ್ಮಾ, ಇನ್ನೂ ನೆನಪಿದ್ಯಾ ನಿಂಗೆ?" ಎಂದವಳೇ ಶುರು ಮಾಡಿದಳು, ಅದೇ ಮಗ್ಗದ ಮನೆಯ ದನಿಯಲ್ಲಿ: "ಲ ದಿಮಾಂಶ್, ಜ ರಗಾರ್ದ್ ಅಂ ಫಿಲ್ಮ್..." ಸಿನಿಮಾ ನೋಡ್ತೀನಿ ಅನ್ನುವಲ್ಲಿಗೆ ನಿಂತಳು. "ಮುಂದಿಂದು ಮರ್ತೇ ಹೋಯ್ತು ಕಣಮ್ಮ."

ಪರೀಕ್ಷೆ ಮಾಡುವವರು ಉತ್ತರ ಹೇಳಿಕೊಡಬಾರದು. ಆದರೂ ನಾನು ಮೆಲ್ಲಗೆ ಹೇಳಿದೆ.

"ಆವೆಕ್ ಮಾ ಮೇರ್."