ಸರ್ವೆ ಅಜ್ಜ ಖಾಲಿ ಬಿಟ್ಟ ಪುಟಗಳು

ಅವರ ಮೂಗಿನ ತುದಿಯಲ್ಲಿ ಸದಾ ಒಂದು ಕಂದು ಹನಿ ತೂಗುತ್ತಿರುತ್ತಿತ್ತು. ನಶ್ಯದ್ದು. ಈಗ ಬಿದ್ದೀತು, ಇನ್ನು ಬಿದ್ದೀತು ಎಂದು ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದರೆ, ಅವರು ಮಾತು ನಿಲ್ಲಿಸದೆ ಪಂಚೆಯ ಚುಂಗಿನಿಂದ ಒರೆಸಿಕೊಂಡು ಅದೇ ಕೈಯಲ್ಲಿ ನನ್ನ ಪುಸ್ತಕದ ಹಾಳೆ ಮಗುಚುತ್ತಿದ್ದರು. ನನಗೆ ಹೇಸಿಗೆ ಬೇಗ ಹುಟ್ಟುತ್ತದೆ, ಚಿಕ್ಕಂದಿನಿಂದಲೂ ಹಾಗೇ. ಅವರು ಹೋದ ಮೇಲೆ ಕುರ್ಚಿಯ ಕೈಗಳನ್ನು ಸೋಪಿನ ನೀರಲ್ಲಿ ಒರೆಸುತ್ತಿದ್ದೆ. ಹೇಸಬೇಕಾದದ್ದು ಯಾವುದಕ್ಕೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಶಿಕಾರಿಪುರದ ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ಸರ್ವೆ ಅಜ್ಜ ಎನ್ನುತ್ತಿದ್ದರು. ಸರ್ವೇಯರ್ ಆಗಿ ನಿವೃತ್ತರಾದವರು. ಸರ್ವಿಸಿನ ಬಹುಪಾಲು ಸೊರಬ ತಾಲ್ಲೂಕಿನಲ್ಲೇ ಕಳೆದಿತ್ತು. ಆನವಟ್ಟಿಯಲ್ಲಿ ಬಾಡಿಗೆ ಕೋಣೆಯಲ್ಲಿದ್ದಾಗ ಪಕ್ಕದ ಮನೆಯ ಕ್ರೈಸ್ತ ಮೇಷ್ಟ್ರೊಬ್ಬರು, ವರ್ಗವಾಗಿ ಹೊರಡುವಾಗ, ದಪ್ಪ ಇಂಗ್ಲಿಷ್ ಪುಸ್ತಕವೊಂದನ್ನು ಇವರ ಕೈಗಿಟ್ಟು ಹೋದರಂತೆ. ಬೈಬಲ್ಲಿನೊಳಗೆ ಸೇರದೆ ಹೊರಗುಳಿದ ಹಳೆಯ ಯೆಹೂದಿ ಬರಹಗಳು ಮತ್ತು ಕ್ರೈಸ್ತರ ಮೊದಮೊದಲ ತಲೆಮಾರುಗಳ ಬರಹಗಳು ಅದರಲ್ಲಿದ್ದವು. ಹಣೆಗೆ ವಿಭೂತಿ ಹಚ್ಚದೆ ನೀರು ಕುಡಿಯದ ಈ ಮನುಷ್ಯ ಇಪ್ಪತ್ತು ವರ್ಷ ಅವುಗಳ ಬೆನ್ನು ಬಿದ್ದರು. ಗ್ರೀಕ್ ಬರುತ್ತಿರಲಿಲ್ಲ, ಬರುತ್ತದೆ ಎಂದು ಹೇಳಿಕೊಳ್ಳಲೂ ಇಲ್ಲ. ಬೇರೆ ಬೇರೆ ಇಂಗ್ಲಿಷ್ ಅನುವಾದಗಳನ್ನು ಎಲ್ಲಿಂದಲೋ ತರಿಸಿ, ಅಕ್ಕಪಕ್ಕ ಇಟ್ಟು ತಾಳೆ ನೋಡುತ್ತಿದ್ದರು.

“ನಿಮಗ್ಯಾಕೆ ಅಜ್ಜಾ ಇದು?” ಎಂದು ಒಮ್ಮೆ ಕೇಳಿದ್ದೆ.

“ನೋಡವ್ವ, ಹೊಲದ ಗಡಿ ಅಳೆದು ಹದ್ದುಬಸ್ತು ಮಾಡೋದು ನನ್ನ ಕಸುಬು. ಇದು ಒಳಗೆ, ಇದು ಹೊರಗೆ ಅಂತ ಗೆರೆ ಎಳ್ದೋರು ಯಾರು, ಅಲ್ಲೇ ಯಾಕೆ ಎಳೆದ್ರು ಅಂತ ಕೇಳ್ದೆ ಹೆಂಗಿರ್ಲಿ? ಹೊರಗೆ ಬಿದ್ದಿದ್ದೂ ಭೂಮಿನೇ ಅಲ್ಲೇನು?”

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು. ತಮ್ಮ ಕನ್ನಡ ತಿದ್ದಿಕೊಡು ಎಂದು, ಆ ಬರಹಗಳನ್ನು ಕನ್ನಡಕ್ಕಿಳಿಸಿದ್ದ ನೋಟ್‌ಬುಕ್ಕುಗಳ ಕಟ್ಟು ಹೊತ್ತು ನನ್ನಲ್ಲಿಗೆ ಬಂದರು. ಅವರದು ಅಪ್ಪಟ ಕಚೇರಿ ಕನ್ನಡ. “ಸದರಿ ದೇವದೂತನು ಖುದ್ದು ಹಾಜರಾಗಿ ಕೆಳಕಂಡಂತೆ ತಿಳಿಸಿರುತ್ತಾನೆ” ಎಂದು ಬರೆದಿದ್ದರು. ನಾನು ಬಿದ್ದು ಬಿದ್ದು ನಕ್ಕೆ. ಅವರೂ ನಕ್ಕರು, ಹನಿ ಹಾಳೆಯ ಮೇಲೇ ಬಿತ್ತು.

ಆ ಬರಹಗಳಲ್ಲಿ ಹಲವುಗಳ ಹಳೆಯ ಪ್ರತಿಗಳು ಮರಳಲ್ಲಿ, ಗುಹೆಗಳಲ್ಲಿ ಬಿದ್ದು ಸಿಕ್ಕಂಥವು. ಹರಿದಿದ್ದವು, ಹುಳು ತಿಂದಿದ್ದವು. ಮೂಲದಲ್ಲಿ ಎಷ್ಟು ಹೋಗಿದೆಯೋ ಅಷ್ಟೇ ಜಾಗವನ್ನು ಅಜ್ಜ ತಮ್ಮ ನೋಟ್‌ಬುಕ್ಕಿನಲ್ಲಿ ಖಾಲಿ ಬಿಡುತ್ತಿದ್ದರು. ಒಂದು ಪದ ಹೋಗಿದ್ದರೆ ಒಂದು ಪದದಷ್ಟು, ನಾಲ್ಕು ಪುಟ ಹೋಗಿದ್ದರೆ ನಾಲ್ಕು ಪುಟ. ಸಂದರ್ಭ ನೋಡಿ ಊಹಿಸಬಹುದಲ್ಲ ಎಂದರೆ ಕೇಳುತ್ತಿರಲಿಲ್ಲ. “ಕಲ್ಲು ಸಿಗ್ಲಿಲ್ಲ ಅಂದ್ರೆ ಸಿಗ್ಲಿಲ್ಲ ಅಂತ ಬರಿ. ನೀನೇ ಒಂದು ಕಲ್ಲು ಹೂಳಬ್ಯಾಡ” ಎನ್ನುತ್ತಿದ್ದರು. ಇದು ಬರೀ ಮಾತಲ್ಲ. ಸೊರಬದ ಕಡೆ ಒಂದು ಹಳ್ಳಿಯಲ್ಲಿ ಅಳತೆಗೆ ಹೋದಾಗ ಗಡಿ ತೋರಿಸುವ ಹಳೆಯ ಬಾಂದುಕಲ್ಲು ಕಾಣೆಯಾಗಿತ್ತಂತೆ. ಜಮೀನಿನ ಯಜಮಾನ ತನಗೆ ಬೇಕಾದಲ್ಲಿ ಹೂಳಿಸಲು ಗೋಣಿಚೀಲದಡಿ ಹೊಸ ಕಲ್ಲು ಸಿದ್ಧಮಾಡಿಟ್ಟಿದ್ದ. ಮನೆಯೊಳಗೆ ಅಜ್ಜನಿಗೆಂದೇ ಹೋಳಿಗೆ ಬೇಯುತ್ತಿತ್ತು. ಅಜ್ಜ ಹುಣಸೆಮರದ ಕೆಳಗೆ ಕೂತು, ಡಬ್ಬಿಯಲ್ಲಿ ತಂದಿದ್ದ ರೊಟ್ಟಿ ತಿಂದು, ‘ಕಲ್ಲು ಕಂಡುಬಂದಿಲ್ಲ’ ಎಂದು ಬರೆದು, ಬಸ್ಸು ಹತ್ತಿದರು.

ಅವರ ನೋಟ್‌ಬುಕ್ಕಿನ ಒಂದು ಬರಹದಲ್ಲಿ ಒಬ್ಬ ಹೆಂಗಸು, ಗಂಡಸರ ನಡುವೆ, ತಾನು ಕಂಡದ್ದನ್ನು ಹೇಳಲು ಶುರು ಮಾಡುತ್ತಾಳೆ. ಅಲ್ಲಿಂದ ಮುಂದೆ ಹಾಳೆಗಳೇ ಇಲ್ಲ. ನಾಲ್ಕು ಪುಟ ಖಾಲಿ.

ಅದೆಲ್ಲ ಪುಸ್ತಕವಾಗಿ ಅಚ್ಚಿಗೆ ಹೋಗುವ ಹೊತ್ತಿಗೆ ಅಜ್ಜನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಕರಡು ನೋಡುವ ಕೆಲಸ ನನಗೆ ಬಿಟ್ಟರು. “ಮೇಡಂ, ಇಷ್ಟು ಖಾಲಿ ಬಿಟ್ರೆ ಪ್ರಿಂಟ್ ಬಿದ್ದಿಲ್ಲ ಅಂತ ಜನ ವಾಪಸ್ ತರ್ತಾರ್ರಿ. ನೀವೇ ಏನಾರ ಸೇರಿಸಿಬಿಡ್ರಿ” ಎಂದ ಪ್ರೆಸ್ಸಿನವನು. ಅವನ ಮೇಲೆ ತಪ್ಪು ಹಾಕಿ ಕೈ ತೊಳೆದುಕೊಳ್ಳಬಹುದು, ಆದರೆ ನನಗೆ ಬೇಕಾಗಿದ್ದೂ ಅದೇ. ಸಂಪಾದಕಿ ಎಂದು ಒಳಪುಟದಲ್ಲಿ ನನ್ನ ಹೆಸರಿತ್ತು. ನನ್ನ ಗದ್ಯವನ್ನು ನಾಲ್ಕು ಜನ ಓದಲಿ ಎಂಬ ಚಪಲವಿತ್ತು. ಒಂದು ಮಧ್ಯಾಹ್ನ ಕೂತು ಆ ನಾಲ್ಕು ಪುಟ ತುಂಬಿಸಿದೆ. “ನನ್ನ ಬಾಯಿ ಕಟ್ಟಿದವರೇ ನಾಳೆ ನನ್ನ ಹೆಸರಲ್ಲಿ ಗುಡಿ ಕಟ್ಟುತ್ತಾರೆ” ಎಂಬ ಸಾಲು ಬರೆದು, ಅದನ್ನು ಎರಡು ಸಲ ಗಟ್ಟಿಯಾಗಿ ಓದಿಕೊಂಡು ಖುಷಿಪಟ್ಟೆ.

ಬಿಡುಗಡೆಗೆ ಬಂದ ಮುಖ್ಯ ಅತಿಥಿ ಗರಿಗರಿ ಬಿಳಿ ಅಂಗಿಯವರು, ಮೈಯಿಂದ ಅತ್ತರಿನ ಘಮ. ಪುಸ್ತಕ ಓದಿರಲಿಲ್ಲ, ಯಾರೋ ಗುರುತು ಹಾಕಿ ಕೊಟ್ಟಿದ್ದ ಸಾಲನ್ನಷ್ಟೇ ಓದಿದರು. ನನ್ನದೇ ಸಾಲು. “ನೋಡ್ರಿ! ಅವರ ಪಾದ್ರಿಗಳು ಎರಡು ಸಾವಿರ ವರ್ಷ ಮುಚ್ಚಿಟ್ಟ ಮಾತಿದು!” ಎಂದು ಶುರು ಮಾಡಿ, ಆ ಧರ್ಮದ ಜನರನ್ನೆಲ್ಲ, ನಮ್ಮೂರಿನ ನಾಲ್ಕಾರು ಮನೆಯವರನ್ನೂ ಸೇರಿಸಿ, ಬಾಯಿಗೆ ಬಂದಂತೆ ಬೈದರು. ಅವರ ಬಾಯಿಂದ ಎಂಜಲು ಹಾರಿ ಪುಸ್ತಕದ ಮೇಲೆ ಬೀಳುತ್ತಿತ್ತು. ಜನ ಚಪ್ಪಾಳೆ ತಟ್ಟಿದರು.

ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜ ಬಗ್ಗಿ ಮೆಲ್ಲಗೆ ಕೇಳಿದರು: “ನೀ ಬರ್ದೇನವ್ವ?”

ಹೌದೆಂದು ತಲೆಯಾಡಿಸಿದೆ.

ಅವರು ತಮಗೆ ಹೊದಿಸಿದ್ದ ಶಾಲನ್ನು ಕುರ್ಚಿಯ ಮೇಲಿಟ್ಟು ಮೈಕಿನ ಹತ್ತಿರ ಹೋದರು. “ಈಗ ಇವರು ಓದಿದ್ದು ಆ ಹೆಣ್ಮಗಳ ಮಾತಲ್ಲ. ಅಲ್ಲಿ ಹಾಳಿನೇ ಇಲ್ಲ. ಆಕಿ ಏನಂದ್ಲು ಅಂತ ಯಾರಿಗೂ ಗೊತ್ತಿಲ್ಲ. ಅದನ್ನಿಟ್ಕೊಂಡು ಯಾರನ್ನೂ ಬೈಬ್ಯಾಡ್ರಿ.”

“ಮತ್ತೆ ಪುಸ್ತಕದಾಗೆ ಹೆಂಗೆ ಬಂತು ಅಜ್ಜಾ? ಪುಸ್ತಕ ನಿಮ್ದೇ ಅಲ್ಲೇನು?” ಎಂದು ಮುಂದಿನ ಸಾಲಿನಿಂದ ಯಾರೋ ಕೂಗಿದರು. ಸಭೆ ನಕ್ಕಿತು.

ಅಜ್ಜ ನನ್ನತ್ತ ತಿರುಗಿ ನೋಡಿದರು. ನಾನು ಸೀರೆಯ ಸೆರಗಿನ ಅಂಚು ನೋಡುತ್ತಿದ್ದೆ. ಸ್ವಲ್ಪ ಹೊತ್ತು ಕಾದು, “ಹೌದು, ಪುಸ್ತಕ ನಂದೇ. ತಪ್ಪೂ ನಂದೇ” ಎಂದು ಬಂದು ಕೂತರು. ಅತಿಥಿ ಅವರ ಭುಜ ತಟ್ಟಿ, “ಪಾಪ, ವಯಸ್ಸಾತು” ಎಂದರು. ಆಮೇಲೆ ಎಲ್ಲರಿಗೂ ಉಪ್ಪಿಟ್ಟು, ಕೇಸರಿಬಾತು. ನಾನು ಎರಡನ್ನೂ ತಿಂದೆ.

ವಾರದೊಳಗೆ ಊರಿಗೆಲ್ಲ ಸುದ್ದಿಯಾಯಿತು: ಅಜ್ಜನಿಗೆ ಅರಳುಮರಳು, ತಾನೇ ಬರೆದು ತಾನೇ ಅಲ್ಲವೆನ್ನುತ್ತಾನೆ. ಅದುವರೆಗೆ ಕುಪ್ಪಗಡ್ಡೆ, ಚಂದ್ರಗುತ್ತಿ ಕಡೆಯಿಂದಲೂ ರೈತರು ಹೊಲದ ಗಡಿ ಜಗಳ ಹೊತ್ತು ಬಸ್ಸು ಹಿಡಿದು ಬಂದು, ಹಳೆಯ ನಕಾಶೆ ಬಿಚ್ಚಿ, ಅವರ ಜಗಲಿಯಲ್ಲಿ ಕೂರುತ್ತಿದ್ದರು. ಎರಡು ಕಡೆಯವರೂ ಒಪ್ಪುವ ಮಾತು ಅವರದು. ಆಮೇಲೆ ಬರುವವರು ಕಡಿಮೆಯಾದರು, ಕಡೆಗೆ ನಿಂತೇಹೋದರು.

ತಡೆಯಲಾರದೆ ಒಂದು ದಿನ ಹೋಗಿ ಕೇಳಿದೆ: “ನನ್ನ ಹೆಸರು ಯಾಕೆ ಹೇಳ್ಲಿಲ್ಲ ಅಜ್ಜಾ?”

“ನೀನೇ ಹೇಳ್ತೀಯೇನೋ ಅಂತ ನೋಡ್ದೆ” ಎಂದರು. ಸಿಟ್ಟಿರಲಿಲ್ಲ ದನಿಯಲ್ಲಿ. “ನೀ ಹೂಳಿದ ಕಲ್ಲು ನೀನೇ ಕೀಳಬೇಕವ್ವ. ನಾನು ಕಿತ್ರೆ ಜಗಳಕ್ಕೆ ಕಿತ್ತ ಅಂತಾರೆ.”

ಪತ್ರಿಕೆಗೆ ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಪರೀಕ್ಷೆ ಮುಗಿಯಲಿ ಎಂದುಕೊಂಡೆ, ಬಡ್ತಿಯ ಪಟ್ಟಿ ಬರಲಿ ಎಂದುಕೊಂಡೆ. ಅವರು ಮತ್ತೆಂದೂ ಆ ಮಾತೆತ್ತಲಿಲ್ಲ. ಬೀದಿಯಲ್ಲಿ ಸಿಕ್ಕಾಗಲೆಲ್ಲ “ಊಟ ಆತೇನವ್ವ?” ಎಂದಷ್ಟೇ ಕೇಳುತ್ತಿದ್ದರು. ಅದನ್ನು ತಪ್ಪಿಸಿಕೊಳ್ಳಲು ನಾನು ಹಿಂದಿನ ಓಣಿಯಿಂದ ಕಾಲೇಜಿಗೆ ಹೋಗತೊಡಗಿದೆ.

ಕಳೆದ ಚಳಿಗಾಲದಲ್ಲಿ ಅಜ್ಜ ಹೋದರು. ಮಣ್ಣಿಗೆ ಬಂದವರಲ್ಲಿ ಇಬ್ಬರು, “ಮೊದ್ಲು ಭಾಳ ಸತ್ಯವಂತ ಇದ್ದ. ಕಡೀಗೆ ತಲಿ ಕೆಟ್ತು” ಎಂದು ಮಾತಾಡಿಕೊಳ್ಳುತ್ತಿದ್ದರು. ನಾನು ಅವರ ಹಿಂದೆಯೇ ನಿಂತಿದ್ದೆ. ಒಂದು ಹಿಡಿ ಮಣ್ಣು ಹಾಕಿ ಮನೆಗೆ ಬಂದೆ.

ಮೊನ್ನೆ ಬೆಳಿಗ್ಗೆ ನನ್ನ ವಿದ್ಯಾರ್ಥಿನಿಯೊಬ್ಬಳು ಮೊಬೈಲಿಗೆ ಒಂದು ಚಿತ್ರ ಕಳಿಸಿದಳು. ಅಜ್ಜನ ಫೋಟೊ, ಕೆಳಗೆ ನನ್ನ ಆ ಗುಡಿ ಕಟ್ಟುವ ಸಾಲು, ಅದರ ಕೆಳಗೆ ಒಂದು ಹೊಲಸು ಬೈಗುಳ. ಸಾವಿರಾರು ಜನ ಹಂಚಿಕೊಂಡಿದ್ದಾರಂತೆ. ಮುಖ ತೊಳೆದುಕೊಂಡು ಬಂದು ಇದನ್ನು ಬರೆಯಲು ಕೂತೆ.

ಆ ನಾಲ್ಕು ಪುಟ ಬರೆದವಳು ನಾನು. ಆ ಹೆಂಗಸು ಏನು ಹೇಳಿದಳೋ ಯಾರಿಗೂ ಗೊತ್ತಿಲ್ಲ. ಸರ್ವೆ ಅಜ್ಜನಿಗೆ ಅರಳುಮರಳಾಗಿರಲಿಲ್ಲ. ಇಷ್ಟು ಹೇಳಲು, ಅವರು ಸಾಯುವ ತನಕ ಕಾದೆ.