ನಿಂಬೆಗಿಡದ ಹುಳು, ಅತ್ತೆಯ ರೀಲು

ಇದನ್ನು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು ಮುಚ್ಚಿದ್ದೇನೆ. ಅಪ್ಪ ಇರುವಾಗ ಹೆದರಿಕೆ, ಆಮೇಲೆ ನಾಚಿಕೆ. ಈಗ ನನಗೇ ವಯಸ್ಸಾಗಿದೆ.

ಎಪ್ಪತ್ತರ ದಶಕದ ಕೊನೆಯ ದಿನಗಳು. ಆಗ ಜಯನಗರದ ಮಧ್ಯಾಹ್ನಗಳು ಬಲು ಉದ್ದ. ಬೀದಿಯಲ್ಲಿ ಸೈಕಲ್ ಹೋದರೆ ಅದರ ಚೈನಿನ ಸದ್ದು ಹಿತ್ತಲಿಗೆ ಕೇಳುತ್ತಿತ್ತು. ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಒಂದು ನಿಂಬೆಗಿಡ. ಮಳೆ ಬಿದ್ದು ಅದು ಚಿಗುರಿತೆಂದರೆ ಎಲೆಎಲೆಗೂ ಹುಳು. ಮರಿಯಾಗಿದ್ದಾಗ ಹಕ್ಕಿಯ ಹಿಕ್ಕೆಯಂತೆ ಕಾಣುವವು, ಬೆಳೆಯುತ್ತ ಎಲೆಯ ಹಸಿರೇ ಆಗಿಬಿಡುತ್ತಿದ್ದವು.

ಅಪ್ಪನ ತಂಗಿ, ನಮ್ಮ ಅತ್ತೆ, ಆ ಹುಳುಗಳ ಫೋಟೋ ತೆಗೆಯಲು ಹೊರಟಳು. ಅಪ್ಪನ ಕ್ಯಾಮೆರಾ ಮದುವೆ, ನಾಮಕರಣಕ್ಕೆ ಮಾತ್ರ ಬೀರುವಿನಿಂದ ಹೊರಬರುವಂಥದ್ದು.

"ಒಂದೇ ಒಂದು ರೀಲು ಕೊಡಿಸ್ತೀನಿ. ಚೆನ್ನಾಗಿ ಬಂದ್ರೆ ಕ್ಯಾಮೆರಾ ನೀನೇ ಇಟ್ಕೋ. ಹಾಳಾಯ್ತೋ, ಮತ್ತೆ ಮುಟ್ಟೋ ಹಾಗಿಲ್ಲ," ಎಂದರು ಅಪ್ಪ.

ಅಜ್ಜಿ ಹಣೆ ಚಚ್ಚಿಕೊಂಡರು. "ಉಪ್ಪಿನಕಾಯಿಗೆ ಅಂತ ಗಿಡ ಬೆಳೆಸಿದ್ರೆ ಹುಳ ಸಾಕ್ತಾಳಲ್ಲಪ್ಪ ಇವಳು! ಗಂಡಿನ ಮನೆಗೆ ಕಳಿಸೋಕೆ ಒಂದು ಫೋಟೋ ತೆಗೆಸ್ಕೊಳ್ಳೇ ಅಂದ್ರೆ ಬೇಡ."

"ಅದೂ ಹಸಿರು ಸೀರೆ ಉಟ್ಕೊಂಡು ಕೂತಿದೆ, ನೋಡಮ್ಮ. ಮೊದಲು ಅದರದ್ದಾಗ್ಲಿ," ಎಂದು ಅತ್ತೆ ಎಲೆಯ ಮೇಲಿನ ಹುಳುವನ್ನು ತೋರಿಸಿದಳು.

ಲೆನ್ಸನ್ನು ಬಿಚ್ಚಿ, ಹಿಂದುಮುಂದಾಗಿ ಕ್ಯಾಮೆರಾದ ಬಾಯಿಗೆ ಒತ್ತಿ ಹಿಡಿದರೆ ಸಣ್ಣದೂ ದೊಡ್ಡದಾಗಿ ಕಾಣುತ್ತದೆಂದು ಅತ್ತೆ ತಾನೇ ಕಂಡುಕೊಂಡಿದ್ದಳು. ಊಟದ ಸ್ಟೀಲ್ ತಟ್ಟೆ ಹಿಡಿದು ಹುಳುವಿನ ಮೇಲೆ ಬಿಸಿಲು ಬೀಳಿಸುವುದು ನನ್ನ ಕೆಲಸ.

"ಅಲ್ಲಾಡಬೇಡ್ವೋ. ನೀನು ಉಸಿರು ಬಿಟ್ರೂ ಎಲೆ ಅಲ್ಲಾಡತ್ತೆ."

ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ಹುಳು ತಲೆಯೆತ್ತಿ ಎರಡು ಕೆಂಪು ಕೊಂಬು ಹೊರಹಾಕುತ್ತಿತ್ತು. ಕೊಳೆತ ನಿಂಬೆಹಣ್ಣಿನ ವಾಸನೆ ಹಬ್ಬುತ್ತಿತ್ತು. ಒಂದು ದಿನ ಅದು ಕೊಂಬೆಗೆ ನೂಲು ಬಿಗಿದು ಗೂಡಾಯಿತು. ಕೊನೆಗೊಂದು ಬೆಳಗ್ಗೆ ಚಿಟ್ಟೆಯಾಗಿ ಒದ್ದೆ ರೆಕ್ಕೆ ಬಿಚ್ಚಿಕೊಂಡು ಕೂತಿತು. ಅತ್ತೆ ಎಲ್ಲವನ್ನೂ ಹಿಡಿದಳು. ರೀಲಿನಲ್ಲಿ ಇನ್ನು ಒಂದೆರಡು ಫೋಟೋಕ್ಕಷ್ಟೇ ಜಾಗ ಉಳಿದಿತ್ತು.

ನಾನು ಎದುರುಮನೆಯ ಕಿಟ್ಟಿಯ ಹತ್ತಿರ ಜಂಬ ಕೊಚ್ಚಿಕೊಂಡೆ. "ನಮ್ಮನೇಲಿ ಕೊಂಬಿರೋ ಹುಳದ ಫೋಟೋ ಇದೆ."

"ಬರೀ ಸುಳ್ಳು. ಎಲ್ಲಿ, ತೋರಿಸು ಗುರು!"

ಅತ್ತೆ ಟೈಪಿಂಗ್ ಕ್ಲಾಸಿಗೆ ಹೋಗಿದ್ದಳು. ಅಜ್ಜಿ ಮಲಗಿದ್ದರು. ಒಗೆಯುವ ಕಲ್ಲಿನ ಮೇಲೆ, ಸುಡು ಬಿಸಿಲಲ್ಲಿ, ಕ್ಯಾಮೆರಾದ ಹಿಂದಿನ ಮುಚ್ಚಳ ತೆಗೆದು ರೀಲನ್ನು ಎಳೆದೆ. ಬರೀ ಕಂದು ಬಣ್ಣದ ಪಟ್ಟಿ.

"ಎಲ್ಲೋ ಹುಳ? ಹಾರ್ಹೋಯ್ತಾ?" ಕಿಟ್ಟಿ ಬಿದ್ದು ಬಿದ್ದು ನಕ್ಕ. ನಾನು ಹೆಬ್ಬೆರಳಿಂದ ಸುತ್ತಿ, ಮುಚ್ಚಳ ಹಾಕಿ, ಇದ್ದ ಜಾಗದಲ್ಲೇ ಇಟ್ಟೆ.

ವಾರ ಕಳೆದು ಅತ್ತೆ ನನ್ನನ್ನೂ ಸ್ಟುಡಿಯೋಗೆ ಕರೆದೊಯ್ದಳು. ಸ್ಟುಡಿಯೋದವರು ನೆಗೆಟಿವನ್ನು ಟ್ಯೂಬ್‌ಲೈಟಿಗೆ ಹಿಡಿದರು. ಮಸಿ ಬಳಿದಂತಿತ್ತು. "ಪೂರ್ತಿ ಬೆಳಕು ನುಗ್ಗಿದೆಯಮ್ಮ. ಏನು ಮಾಡಿದ್ರಿ?"

ಅತ್ತೆ ಲೆನ್ಸ್ ಹಿಡಿಯುವ ರೀತಿ ತೋರಿಸಿದಳು. "ಅದೇ ಮತ್ತೆ, ಸಂದಿಯಿಂದ ಹೋಗಿದೆ," ಎಂದುಬಿಟ್ಟರು.

ಬೆಳಕು ನುಗ್ಗಿದ್ದು ನಾನು ಮುಚ್ಚಳ ತೆಗೆದಾಗ ಎಂದು ನನಗೆ ಆಗ ಅರ್ಥವಾಯಿತು. ಅವಳ ಕೈ ಹಿಡಿದುಕೊಂಡೇ ನಿಂತಿದ್ದೆ.

ದಾರಿಯಲ್ಲಿ ಬೇಕರಿಯಿಂದ ಬೆಣ್ಣೆ ಬಿಸ್ಕತ್ತು ಕೊಡಿಸಿದಳು. "ನಾನೇ ಸರಿಯಾಗಿ ಒತ್ತಿ ಹಿಡೀಲಿಲ್ಲ ಕಣೋ. ಪಾಪ, ನೀನು ಬಿಸಿಲಲ್ಲಿ ತಟ್ಟೆ ಹಿಡ್ಕೊಂಡು ನಿಂತಿದ್ದೆ." ನಾನು ಬಿಸ್ಕತ್ತು ತಿಂದೆ.

ಅಪ್ಪ ಕೇಳುವ ಮೊದಲೇ ಕ್ಯಾಮೆರಾ ಒಪ್ಪಿಸಿದಳು. ಮುಂದಿನ ಮಳೆಗೂ ಹುಳು ಬಂದವು. ಅತ್ತೆ ಗಿಡದ ಹತ್ತಿರ ಬಗ್ಗಿ ನೋಡಿ ಒಳಗೆ ಹೋದಳು. ಮದುವೆಯಾಗಿ ಹೋದ ಮೇಲೂ, ಸಾಯುವವರೆಗೂ, ಕ್ಯಾಮೆರಾ ಮುಟ್ಟಲಿಲ್ಲ. ಹಬ್ಬದಲ್ಲಿ ಯಾರಾದರೂ ಕೊಡಹೋದರೆ, "ಬೇಡಪ್ಪ, ನನ್ನ ಕೈಗೆ ಅದು ಬರಲ್ಲ," ಎನ್ನುತ್ತಿದ್ದಳು. ನಾನು ಪಕ್ಕದಲ್ಲೇ ಇರುತ್ತಿದ್ದೆ.

ಈಗ ಆ ಹಿತ್ತಲಲ್ಲಿ ಕಾರು ನಿಲ್ಲುತ್ತದೆ. ಫೋನಿನಲ್ಲಿ ಹುಳುವಿನ ಕಣ್ಣು ಕೂಡ ಸ್ಪಷ್ಟವಾಗಿ ಬರುತ್ತದಂತೆ. ತೆಗೆಯಲು ಹುಳು ಇಲ್ಲ, ತೋರಿಸಲು ಅವಳಿಲ್ಲ. ಅವಳ ಕೈಯಲ್ಲಿ ತಪ್ಪಿರಲಿಲ್ಲ. ಆ ಮಾತನ್ನು ಅವಳು ಯಾರಿಂದಲೂ ಕೇಳದೆ ಹೋದಳು. ಅತ್ತೆ ಎಂದಷ್ಟೇ ಕರೆದೆವು. ಅವಳ ಹೆಸರು ನಾಗರತ್ನ.